ದೊಡ್ಡಪ್ಪ ಹುಡುಕಿದ ನರ

ಹಸಿ ಶುಂಠಿ ಜಜ್ಜಿದಾಗಲೆಲ್ಲ ಇವತ್ತಿಗೂ ಶಿಕಾರಿಪುರದ ನಮ್ಮ ದೊಡ್ಡಪ್ಪನ ಮುಖ ನೆನಪಾಗಿ ನನ್ನ ಚಹಾದ ರುಚಿ ಕೆಡುತ್ತದೆ.

ಅವತ್ತು ಮಧ್ಯಾಹ್ನ ಮನೆಮಂದಿಯೆಲ್ಲ ಅಂಗಳದಲ್ಲಿ ಕೂತು ಶುಂಠಿಗೆ ಮೆತ್ತಿದ್ದ ಮಣ್ಣು ಕೆರೆಯುತ್ತಿದ್ದೆವು. ಒಂದು ಗಡ್ಡೆಯನ್ನೂ ಮುಟ್ಟದೆ ಮೊಬೈಲು ನೋಡುತ್ತಿದ್ದ ದೊಡ್ಡಪ್ಪ ಇದ್ದಕ್ಕಿದ್ದಂತೆ ಎದ್ದ. ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟು ಬಗ್ಗಿಸಿದ. ನಡುವೆ ಹುರಿಹಗ್ಗದಂಥ ನರವೊಂದು ಎದ್ದು ನಿಂತಿತು.

"ನೋಡ್ರೋ, ಇದು ನಮ್ಮ ಮನೆತನದ ಗುರುತು. ಎಲ್ರೂ ಕೈ ತೋರ್ಸ್ರಿ."

ನನ್ನ ಕೈಯಲ್ಲಿ ಏನೂ ಏಳಲಿಲ್ಲ. ಅವ್ವನ ಕೈಯಲ್ಲೂ ಇಲ್ಲ. ದನದ ಹಲ್ಲು ನೋಡಿದ ದಲ್ಲಾಳಿಯಂತೆ ದೊಡ್ಡಪ್ಪ ಮೂಗು ಮುರಿದ. "ಸೊರಬದ ಕಡೆಯಿಂದ ಹೆಣ್ಣು ತಂದ್ರೆ ಹಿಂಗೇ. ರಕ್ತ ಕೆಟ್ಟೋಗ್ತೈತೆ."

ಅವ್ವ ತಲೆ ಎತ್ತದೆ ಕೆರೆಯುತ್ತಲೇ ಇದ್ದಳು.

ಆಮೇಲೆ, ಎಲ್ಲರೂ ನೋಡಿ ಕಲಿಯಲೆಂದು, ತನ್ನ ಮಗನನ್ನೇ ಕರೆದ. ಅವನ ಮಣಿಕಟ್ಟು ನುಣ್ಣಗಿತ್ತು. "ಗಟ್ಟಿ ಒತ್ತೋ," ಎಂದು ಗದರಿದರೂ ನುಣ್ಣಗೇ ಇತ್ತು.

ದೊಡ್ಡಮ್ಮ ಮಣ್ಣಾದ ತನ್ನ ಕೈ ಚಾಚಿದಳು. ನರ ಎದ್ದಿತ್ತು. "ನಾನು ಶಿಕಾರಿಪುರದೋಳೇ. ನಂಗೂ ಐತೆ, ನಿಮಗೂ ಐತೆ. ಹಂಗಾರೆ ಇವ್ನು ಯಾರ ಮಗ? ಎಲ್ರ ಎದುರಿಗೇ ಹೇಳ್ರಿ."

ದೊಡ್ಡಪ್ಪ ಆಕಾಶ ನೋಡಿದ. "ಬಿಸಿಲಿಗೆ ಶುಂಠಿ ಒಣಗ್ತೈತೆ, ಬೇಗ ಚೀಲಕ್ಕೆ ತುಂಬ್ರಿ," ಎಂದ.

ಮುಂದಿನ ವಾರ ಆ ಮಹಾಶಯ ಮನೆತನದ ಗುರುತನ್ನು ಕಿವಿಯಲ್ಲಿ ಹುಡುಕತೊಡಗಿದ. ಈ ಸಲ ಮಾತ್ರ ಮೊದಲು ಮಗನನ್ನು ಒಳಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು ನೋಡಿದ್ದ.