ಇನ್ನೊಂದು ಹೋಳಿಗೆ

ತವರಿಲ್ಲದ ಸೊಸೆಯ ಬಾಣಂತನ ಮಾಡಿದ್ದು ಅತ್ತೆಯೇ. ದಿನವೂ ಬರೀ ಅನ್ನ, ಮೆಣಸಿನ ಸಾರು. "ಬಾಣಂತಿ ಬಾಯಿ ಕಟ್ಟಬೇಕು" ಎನ್ನುತ್ತ, ಅವಳೆದುರೇ ಕೂತು ಹೋಳಿಗೆ ತಿಂದಿದ್ದಳು. ಸೊಸೆ ಅದನ್ನು ಮರೆತಿರಲಿಲ್ಲ.

ಈಗ ಅತ್ತೆಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಯಿಂದ ಬಂದ ಮರುದಿನವೇ ಸೊಸೆ ಹೋಳಿಗೆ ಮಾಡಿದಳು. ನೋಡಲು ಬಂದ ಪಕ್ಕದ ಮನೆಯಾಕೆ, "ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿರ್ಬೇಕು" ಎಂದು ಹೊಗಳಿ ಹೋದಳು.

"ಡಾಕ್ಟರು ಸಿಹಿ ಮುಟ್ಟಲೇಬೇಡಿ ಅಂದಿದಾರಲ್ಲೇ?"

"ವಯಸ್ಸಾದೋರು ಬಾಯಿ ಕಟ್ಟಬಾರದು ಅತ್ತೆ. ತಿನ್ನಿ" ಎಂದು ಸೊಸೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು.

ಅತ್ತೆ ನಕ್ಕು, ತಟ್ಟೆಯನ್ನು ಮೆಲ್ಲಗೆ ಸೊಸೆಯತ್ತ ತಳ್ಳಿದಳು.

"ನಮ್ಮತ್ತೆಗೂ ಇದೇ ಕಾಯಿಲೆ ಕಣೇ. ನಾನೂ ಹೀಗೇ ಬಡಿಸಿ ಬಡಿಸೀನೇ ಅವರನ್ನ ಸಾಗಹಾಕಿದ್ದು."