ಇಪ್ಪತ್ತೆರಡನೇ ನಂಬರು

“ಹತ್ತೊಂಬತ್ತು?” ಶಿಕ್ಷಕರ ಸಂಘದ ಕಾರ್ಯದರ್ಶಿ ಟೀಚರು ಸದಸ್ಯರ ಹಾಜರಿ ಕೂಗುತ್ತಿದ್ದರು.

“ಹಾಜರ್, ಮಿಸ್!” ಖಾಲಿಯಿದ್ದ ಕೊನೇ ಬೆಂಚಿನಿಂದ ಎಳೆಯ ದನಿ ಬಂತು.

ಸಭೆಗೆ ಬಂದವರು ಹದಿನೆಂಟೇ ಜನ. ಟೀಚರು ಕೈಲಿದ್ದ ಪುಸ್ತಕ ನೋಡಿಕೊಂಡರು. ಅದು ಸಂಘದ್ದಲ್ಲ, ಅಂಥದ್ದೇ ನೀಲಿ ರಟ್ಟಿನ, ಐದು ವರ್ಷ ಹಿಂದಿನ ತಮ್ಮ ಹತ್ತನೇ ತರಗತಿಯದು. ಹತ್ತೊಂಬತ್ತನೆಯವನು ಯುದ್ಧದಲ್ಲಿ ಸತ್ತಿದ್ದ. ಆದರೂ ರೂಢಿಬಿದ್ದ ಬಾಯಿ ನಿಲ್ಲಲಿಲ್ಲ. “ಇಪ್ಪತ್ತು?” ಉತ್ತರವಿಲ್ಲ, ಅವನು ಅಂಗಡಿ ಇಟ್ಟುಕೊಂಡು ಚೆನ್ನಾಗಿದ್ದ. “ಇಪ್ಪತ್ತೊಂದು?” “ಹಾಜರ್, ಮಿಸ್!” ಅವನೂ ಗಡಿಯಿಂದ ಪೆಟ್ಟಿಗೆಯಲ್ಲಿ ಬಂದವನೇ.

“ಇಪ್ಪತ್ತೆ...”

“ಕರೀಬೇಡಿ!” ಯುದ್ಧ ಬೇಡವೆಂಬ ಸಂಘದ ಠರಾವಿಗೆ ಸಹಿ ಹಾಕದೆ, ‘ಕೆಲಸಕ್ಕೆ ಕುತ್ತು, ಆಮೇಲೆ ನೋಡೋಣ’ ಎಂದು ಬೆಳಗಿನಿಂದ ಜಾರಿಕೊಳ್ಳುತ್ತಿದ್ದ ಅಧ್ಯಕ್ಷರು ಎದ್ದು ನಿಂತಿದ್ದರು. “ಇವರು ನನ್ನ ಮಗನ ಜತೆ ಓದಿದವರು, ಇಪ್ಪತ್ತೆರಡು ಅವನೇ. ಎರಡು ವಾರದಿಂದ ಗಡಿಯಿಂದ ಸುದ್ದಿಯಿಲ್ಲ. ಠರಾವು ತನ್ನಿ, ಸಹಿ ಹಾಕ್ತೀನಿ.”

ಕೊನೇ ಬೆಂಚಿನಲ್ಲಿ ಯಾರೋ ಸರಿದು ಕೂತು, ಇನ್ನೊಬ್ಬನಿಗೆ ಜಾಗ ಬಿಟ್ಟ ಸದ್ದಾಯಿತು.