ಕೀಲಿ ಎಸೆದವಳು

"ಕೀಲಿ ಎಲ್ಲಿ?" ನರ್ಸ್ ಕೇಳಿದಳು. ಕೇಳಿದ್ದು ಇದು ಮೂರನೆಯ ಸಲ.

ಹೆಂಡತಿ ಸ್ಟೂಲಿನ ಮೇಲೆ ಕೂತು ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು. "ಹೇಳಿದ್ನಲ್ಲ, ಚರಂಡಿಗೆ ಎಸೆದೆ. ಮೂರು ತಿಂಗಳಾಯ್ತು. ಎಸೆದ್ರೆ ಮುಗೀತು ಅಂದ್ಕೊಂಡೆ."

ಚರ್ಮರೋಗ ವಿಭಾಗದ ಡ್ರೆಸ್ಸಿಂಗ್ ಕೋಣೆ. ಪರದೆಯ ಹಿಂದಿನ ಮಂಚದ ಮೇಲೆ ಗಂಡ ಮಲಗಿದ್ದ. ವಯಸ್ಸು ನಲವತ್ತೈದು. ಚೀಟಿಯಲ್ಲಿ ಉದ್ಯೋಗ ಎಂಬಲ್ಲಿ 'ಸ್ವಂತ ಅಂಗಡಿ' ಎಂದಷ್ಟೇ ಬರೆಸಿದ್ದ. ಉಗುರಿನ ಸಂದಿಯಲ್ಲಿ ಹಳದಿ ಲೋಹದ ಪುಡಿ. ಕೈಯಾದರೂ ತೊಳೆದು ಬರಬಾರದೆ, ಎಂದುಕೊಂಡಿದ್ದಳು ನರ್ಸ್.

ಅವನ ಗುಪ್ತಾಂಗವನ್ನು ಉಕ್ಕಿನ ಪುಟ್ಟ ಪಂಜರವೊಂದು ಮುಚ್ಚಿತ್ತು. ಅದನ್ನು ಬುಡದಲ್ಲಿ ಹಿಡಿದಿಟ್ಟ ಬಳೆ, ಬಳೆಗೆ ಉಗುರಿನಷ್ಟು ಬೀಗ. ಸಂಯಮಕ್ಕೆಂದು ಗಂಡ ಹೆಂಡಿರು ಒಪ್ಪಿಕೊಂಡು ಹಾಕುವ ಇಂಥದ್ದನ್ನು ನರ್ಸ್ ಮೊದಲೂ ನೋಡಿದ್ದಳು. ಅದಕ್ಕೆ ಅವಳ ತಕರಾರಿರಲಿಲ್ಲ. ತಕರಾರು ಬಳೆಯ ಕೆಳಗಿನ ಚರ್ಮದ್ದು. ಸುತ್ತ ಕೆಂಪಾಗಿ, ನಡುವೆ ನೀರಲ್ಲಿ ನೆನೆದ ಹಾಗೆ ಬಿಳಿಚಿ ಸುಲಿದಿತ್ತು. ಒಂದು ಕಡೆ ಕೀವು. ವಾಸನೆ ಬೇರೆ.

"ದಿನಾ ಬಿಚ್ಚಿ ತೊಳೀಬೇಕು ಅಂತ ಗೊತ್ತಿರ್ಲಿಲ್ವಾ? ಬೆಚ್ಚಗಿನ ನೀರು, ಸಾದಾ ಸೋಪು. ಪೂರ್ತಿ ಒಣಗಿದ ಮೇಲೇನೇ ಹಾಕ್ಬೇಕು. ಬಳೆ ಕೆಳಗೆ ಬೆರಳು ಆಡ್ಬೇಕು. ಇಲ್ಲಿ ಹತ್ತಿ ಕೂಡ ತೂರ್ತಿಲ್ಲ!"

"ಗೊತ್ತಿತ್ತು," ಎಂದಳು ಹೆಂಡತಿ. "ಮೊದಮೊದಲು ನಾನೇ ಬೆನ್ನುಹತ್ತಿ ತೊಳೆಸ್ತಿದ್ದೆ. ಆಮೇಲೆ ಸಾಕಾಯ್ತು."

"ಸಾಕಾಯ್ತಾ?" ನರ್ಸ್‌ಗೆ ಅಂಗಾಲಿನಿಂದ ನೆತ್ತಿಗೆ ಉರಿ ಹತ್ತಿತು. "ನಾಯಿಗೆ ಬೆಲ್ಟು ಕಟ್ಟಿದೋರೂ ವಾರಕ್ಕೊಂದ್ಸಲ ಬಿಚ್ಚಿ ನೋಡ್ತಾರೆ ತಾಯಿ!"

"ಅವಳನ್ನ ಬೈಬೇಡಿ ಸಿಸ್ಟರ್," ಗಂಡ ಮೆಲ್ಲಗೆ ಹೇಳಿದ. "ಕೀಲಿ ಇಲ್ದೆ ನಾನಾದ್ರೂ ಏನು ಮಾಡ್ಲಿ?"

ಆ ಸಾಧು ದನಿ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಹೆಂಡತಿಯಾದರೋ ಒಣನಗೆ ನಕ್ಕಳು. "ಕೀಲಿ ಇದ್ರೇನು, ಇಲ್ದಿದ್ರೇನು."

ನರ್ಸ್ ಮುಲಾಮಿನ ಕಪಾಟಿಗೆ ಹೋದಳು. ಎಂದಿನಂತೆ ಬೀಗ ಕಚ್ಚಿಕೊಂಡಿತ್ತು. ಗಡಗಡ ಅಲ್ಲಾಡಿಸಿದಳು.

"ಬಾಗಿಲು ಸ್ವಲ್ಪ ಮೇಲಕ್ಕೆತ್ತಿ, ಎಡಕ್ಕೆ ಒತ್ತಿ ತಿರುಗಿಸಿ ಸಿಸ್ಟರ್," ಪರದೆಯ ಹಿಂದಿನಿಂದ ದನಿ ಬಂತು.

ತೆರೆಯಿತು. ಅವನಿಗೆ ಥ್ಯಾಂಕ್ಸ್ ಹೇಳಲೂ ಅವಳಿಗೆ ತೋಚಲಿಲ್ಲ. ಹೆಂಡತಿಯನ್ನೇ ನುಂಗುವ ಹಾಗೆ ನೋಡುತ್ತಿದ್ದಳು.

"ಕೀವು ಒಳಗಿಳಿದ್ರೆ ಅಂಗಕ್ಕೇ ಕುತ್ತು. ಇವತ್ತೇ ತೆಗೀಬೇಕು. ಇಲ್ಲಾಂದ್ರೆ ಬಳೆ ಕತ್ತರಿಸೋದೇ."

"ಕತ್ತರಿಸ್ಬೇಡಿ!" ಗಂಡ ಧಡಕ್ಕನೆ ಎದ್ದು ಕೂತ. "ಇನ್ನೊಂದು ವಾರ ಮುಲಾಮು ಹಚ್ಚಿ ನೋಡೋಣ."

"ಬೀಗ ಇರೋವರೆಗೂ ಮುಲಾಮು ಹಚ್ಚೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಮಲ್ಕೊಳ್ಳಿ ಸುಮ್ನೆ."

ಎಷ್ಟು ಹೆದರಿಸಿಟ್ಟಿದ್ದಾಳೆ ಪಾಪದವನನ್ನು! ನರ್ಸ್‌ನ ಕಣ್ಣು ಕಪಾಟಿನ ಪಕ್ಕಕ್ಕೆ ಹೋಯಿತು. ಹೋದ ವರ್ಷ, ಅವಳು ಈ ವಿಭಾಗಕ್ಕೆ ಬರುವ ಮುಂಚೆ, ಅದರ ಬೀಗ ರಿಪೇರಿ ಮಾಡಿದವನು ಅಂಟಿಸಿ ಹೋದ ಚೀಟಿ: 'ಯಾವುದೇ ಬೀಗ. ಕೀಲಿ ಬೇಕಿಲ್ಲ. ಹತ್ತು ನಿಮಿಷ.' ಕೆಳಗೆ ಮೊಬೈಲ್ ನಂಬರು.

ಅವಳು ಫೋನು ತೆಗೆದಳು. "ನೀವು ಎಸೆದ್ರೆ ತೆಗೆಯೋರೇ ಇಲ್ಲ ಅಂದ್ಕೊಂಡ್ರಾ ತಾಯಿ? ಇಲ್ಲಿಗೇ ಕರೆಸ್ತೀನಿ ನೋಡಿ."

ಹೆಂಡತಿ ಚೀಟಿಯನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು. "ಕರೆಸಿ. ಮೂರು ತಿಂಗಳಿಂದ ನಾನೂ ಬೇಡ್ಕೋತಾನೇ ಇದ್ದೀನಿ. ನಿಮ್ಮ ಮಾತಾದ್ರೂ ಕೇಳ್ತಾರೇನೋ."

ನರ್ಸ್ ನಂಬರು ಒತ್ತಿದಳು.

ಪರದೆಯ ಪಕ್ಕದ ಮೊಳೆಗೆ ನೇತುಹಾಕಿದ್ದ ಗಂಡನ ಪ್ಯಾಂಟಿನ ಜೇಬಿನಲ್ಲಿ ಫೋನು ರಿಂಗಾಗತೊಡಗಿತು.